ಮೆಟ್ಟಬಾರದ ಹಾಲು

ಕುಂದಾಪುರಕ್ಕೆ ಬಂದ ಮೊದಲ ಬೆಳಿಗ್ಗೆ ಬೆಂಕಿಕಡ್ಡಿ ಹೊತ್ತಲಿಲ್ಲ. ಒಂದಾದ ಮೇಲೊಂದು ಗೀರಿದೆ. ತುದಿಯ ಮದ್ದು ಮೆತ್ತಗಾಗಿ ಪೆಟ್ಟಿಗೆಯ ಬದಿಗೆ ಮೆತ್ತಿಕೊಂಡಿತೇ ಹೊರತು ಒಂದು ಕಿಡಿ ಹಾರಲಿಲ್ಲ. ನಾನು ರೋಣದ ಕಡೆಯವಳು. ಬೇಸಿಗೆಯಲ್ಲಿ ಬಣವೆಯ ಹತ್ತಿರ ಬೀಡಿ ಸೇದಿದವನಿಗೆ ಊರೆಲ್ಲ ಸೇರಿ ಬೈಯುವುದನ್ನು ನೋಡುತ್ತ ಬೆಳೆದವಳು. ಬೆಂಕಿಗೂ ಶೀತವಾಗುವ ಊರೊಂದು ಇದೇ ರಾಜ್ಯದಲ್ಲಿದೆ ಎಂದು ನನಗೆ ಯಾರೂ ಹೇಳಿರಲಿಲ್ಲ. ತೊಡೆಯ ಮೇಲೆ ನಾಲ್ಕು ತಿಂಗಳ ಮಗ ಬಸು ಒಂದೇ ಸಮ ಅಳುತ್ತಿದ್ದ. ಅವನಿಗೆ ಎರೆಯಲು ನೀರು ಕಾಯಿಸಬೇಕಿತ್ತು. ರೈಲುಹಳಿ ಕಾಯುವ ಕೆಲಸದ ಮೇಲೆ ಇಲ್ಲಿಗೆ ಬಂದ ನನ್ನ ಗಂಡ ಮಹಾಂತೇಶ, ಸಾಮಾನು ಇಳಿಸಿದ ದಿನವೇ ಬೈಂದೂರಿನ ಕಡೆ ಹೋಗಿಬಿಟ್ಟಿದ್ದ. ಮಳೆಗಾಲದಲ್ಲಿ ಗುಡ್ಡ ಜರಿದು ಹಳಿಯ ಮೇಲೆ ಬೀಳುತ್ತದಂತೆ. ಅದಕ್ಕೆ ಕಾವಲು ಬೇಕು. ನನಗೂ ಮಗನಿಗೂ ಯಾರು ಕಾವಲು ಎಂದು ಕೇಳಲು ಅವನು ಎದುರಿಗಿರಲಿಲ್ಲ.

ಬಾಗಿಲಲ್ಲಿ ಮನೆಯೊಡತಿ ಜಲಜಕ್ಕ ನಿಂತು ನನ್ನ ಪಾಡು ನೋಡುತ್ತಿದ್ದರು. ಬಹಳ ವರ್ಷ ಮುಂಬಯಿಯಲ್ಲಿ ಹೋಟೆಲು ನಡೆಸಿ ಮರಳಿದ ಕುಟುಂಬ ಅವರದು.

“ಹ್ವಾಯ್, ಎಂತ ಮಾಡ್ತ್ರಿ ಮಾರಾಯ್ತಿ? ಬೆಂಕಿಪೆಟ್ಗಿ ಹೊರ್ಗೆ ಇಡುಕಾಗ. ಅಕ್ಕಿ ಡಬ್ಬಿಯೊಳ್ಗೆ ಹುಗ್ಸಿ ಇಡ್ಕ್” ಎಂದರು.

ಕನ್ನಡವೇ. ಆದರೆ ನನ್ನ ಕಿವಿಗೆ ಅದು ಓಡುವ ಬಸ್ಸಿನ ಬೋರ್ಡಿನಂತೆ. ಓದಿ ಮುಗಿಸುವಷ್ಟರಲ್ಲಿ ಮುಂದೆ ಹೋಗಿರುತ್ತಿತ್ತು. ಹೊರಗೆ ಇಡಬಾರದು, ಅಕ್ಕಿಯಲ್ಲಿ ಹುಗಿದಿಡಬೇಕು ಎಂದು ಅರ್ಥ ಮಾಡಿಕೊಂಡು ನಾನು “ಹೌದ್ರಿ” ಅನ್ನುವಾಗ ಅವರು ಒಳಗೆ ಹೋಗಿ ತಮ್ಮ ಪೆಟ್ಟಿಗೆ ತಂದುಕೊಟ್ಟಿದ್ದರು. ಇಲ್ಲಿ ನಾನು ಕಲಿತ ಮೊದಲ ವಿದ್ಯೆ ಅದು. ಈಗಲೂ ನಮ್ಮ ಅಕ್ಕಿ ಡಬ್ಬಿಯಲ್ಲಿ ಒಂದು ಬೆಂಕಿಪೊಟ್ಟಣ ಇದೆ.

ಊರಲ್ಲಿ ಕೂತು ಇದನ್ನು ಓದುವ ನಮ್ಮ ಕಡೆಯ ಅಕ್ಕತಂಗಿಯರಿಗೆ ಹೇಳುತ್ತೇನೆ, ಸಮುದ್ರ ನೋಡಲು ಬರುವುದು ಬೇರೆ, ಸಮುದ್ರದ ಪಕ್ಕ ಬಾಣಂತನ ಕಳೆಯುವುದು ಬೇರೆ. ನಮ್ಮಲ್ಲಿ ಕೂಸಿನ ಬಟ್ಟೆ ಒಗೆದು ಮಾಳಿಗೆಯ ಮೇಲೆ ಹರವಿ ಇಳಿಯುವುದರೊಳಗೆ ಒಣಗಿರುತ್ತದೆ. ಇಲ್ಲಿ ಆಷಾಢದಲ್ಲಿ ಒಗೆದದ್ದು ಒಣಗುವುದೇ ಇಲ್ಲ. ಬಚ್ಚಲೊಲೆಯ ಮೇಲೆ ಹಗ್ಗ ಕಟ್ಟಿ ಹೊಗೆಗೆ ಹಾಕಬೇಕು. ನನ್ನ ಮಗನ ಮೈಗೆ ಎಷ್ಟೋ ದಿನ ಹೊಗೆಯ ವಾಸನೆಯೇ ಇತ್ತು. ಜೋಳದ ರೊಟ್ಟಿ ಬಡಿಯಲು ಕೂತರೆ ಹಿಟ್ಟು ಜಿಗುಟು. ಕುಚ್ಚಲಕ್ಕಿ ಗಂಜಿಯನ್ನು ಬಾಯಿಗಿಟ್ಟರೆ ಕಾಯಿಲೆ ಬಿದ್ದ ನೆನಪು. ಇಲ್ಲಿಯವರು ಅದನ್ನು ಆರೋಗ್ಯವಾಗಿದ್ದಾಗಲೂ ಉಣ್ಣುತ್ತಾರೆ.

ಇನ್ನು ಹೆಸರು. ಘಟ್ಟದ ಆಚೆಯಿಂದ ಬಂದವರೆಲ್ಲ ಇಲ್ಲಿ ‘ಘಟ್ಟದವರು’. ರಸ್ತೆ ಅಗೆಯಲು, ಗಾರೆ ಕಲೆಸಲು ಬಂದವರು ಎಂಬ ಅರ್ಥ ಆ ಮಾತಿನ ಬೆನ್ನಿಗೇ ಇರುತ್ತದೆ. ಬಸ್ಸಿನಲ್ಲಿ ನಾನು ಬಾಯಿ ತೆಗೆದರೆ ಸಾಕು, ಪಕ್ಕದವರು “ಎಲ್ಲಿ ಕೆಲ್ಸ ನಡಿತಾ ಇತ್ತ್?” ಎಂದು ಕೇಳುತ್ತಿದ್ದರು. ಗಾರೆ ಕೆಲಸದವರ ಮೇಲೆ ನನಗೆ ತಾತ್ಸಾರವಿಲ್ಲ, ನನ್ನ ಸೋದರಮಾವನೇ ಗೌಂಡಿ. ಆದರೂ ಮೈ ಉರಿಯುತ್ತಿತ್ತು. ನಾನು ಹುಬ್ಬಳ್ಳಿಯ ಲ್ಯಾಬೊಂದರಲ್ಲಿ ರಕ್ತ ತೆಗೆಯುತ್ತಿದ್ದವಳು. ನರ ಸಿಗದ ಮುದುಕರನ್ನೂ ಅಳುವ ಮಕ್ಕಳನ್ನೂ ನನ್ನ ಮುಂದೆಯೇ ತಂದು ಕೂರಿಸುತ್ತಿದ್ದರು.

ಆ ಕೆಲಸ ಇಲ್ಲಿ ಸಿಗುತ್ತದೆ ಎಂದೇ ನಂಬಿ ಬಂದೆ. ಕುಂದಾಪುರದ ಲ್ಯಾಬುಗಳಲ್ಲಿ ನನ್ನ ಕೈ ನೋಡುವ ಮೊದಲು ಕಂಕುಳು ನೋಡಿದರು. “ಮಗು ಯಾರು ನೋಡ್ಕೊಳ್ತಾರೆ?” ಅತ್ತೆ ಊರಲ್ಲಿ, ಅವ್ವ ಊರಲ್ಲಿ, ಗಂಡ ಹಳಿಯ ಮೇಲೆ. ಅಂಗನವಾಡಿಗೆ ಮೂರು ವರ್ಷ ತುಂಬಬೇಕು. ಬ್ರಹ್ಮಾವರದಲ್ಲಿ ಕೂಸುಗಳನ್ನು ನೋಡಿಕೊಳ್ಳುವವರಿದ್ದಾರೆಂದು ಯಾರೋ ಹೇಳಿದರು. ಕೊಡೆ ಹಿಡಿದು, ಬಸುವನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದೆ. ಎರಡು ವರ್ಷದ ಕೆಳಗಿನವರನ್ನು ತೆಗೆದುಕೊಳ್ಳುವುದಿಲ್ಲ ಎಂದು ಗೇಟಿನಲ್ಲೇ ಹೇಳಿದರು. ಬರುವಾಗ ಬಸ್ಸಿನ ಕಿಟಕಿಯ ಪರದೆಯಿಂದ ನೀರು ಸೋರಿ ನಮ್ಮಿಬ್ಬರ ಮೇಲೂ ಬೀಳುತ್ತಿತ್ತು. ನಾನು ಅತ್ತುಬಿಟ್ಟೆ. ಅಷ್ಟು ನೀರಿನ ನಡುವೆ ಅದು ಯಾರಿಗೂ ಕಾಣಲಿಲ್ಲ.

ಆಗಸ್ಟಿನಲ್ಲಿ ಗುಲಾಬಿ ಬಂದಳು. ಮಳೆಗಾಲದ ಮೊದಲೆರಡು ತಿಂಗಳು ಇಲ್ಲಿ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ, ಅದು ಮೀನು ಮರಿ ಮಾಡುವ ಕಾಲ. ಆಮೇಲೆ ಬಂದರು ಮತ್ತೆ ತೆರೆಯುತ್ತದೆ. ಹತ್ತಿರದ ಕೋಡಿ ಎಂಬ ಊರಿನ ಗುಲಾಬಿ ಬೆಳಕು ಹರಿಯುವಾಗ ಬಂದರಿನಲ್ಲಿ ಮೀನು ಕೊಂಡು, ಬುಟ್ಟಿ ಹೊತ್ತು ಬಸ್ಸಿನಲ್ಲಿ ಬಸ್ರೂರಿನ ಕಡೆ ಮಾರಲು ಹೋಗುವವಳು. ಹೋಗುವ ದಾರಿಯಲ್ಲಿ ಜಲಜಕ್ಕನಿಗೆ ಬಂಗುಡೆ ಕೊಡುತ್ತಾಳೆ. ಅವತ್ತು ಬುಟ್ಟಿಯಿಲ್ಲದೆ, ಸೊಂಟದ ಮೇಲೆ ಹೆಣ್ಣುಕೂಸನ್ನು ಕೂರಿಸಿಕೊಂಡು ಬಂದು ಜಗಲಿಯಲ್ಲಿ ಕೂತಳು. ಕೂಸಿನ ಹೆಸರು ಸನ್ನಿಧಿ, ಬಸುವಿಗಿಂತ ಎರಡು ತಿಂಗಳಿಗೆ ಚಿಕ್ಕವಳು. ಗುಲಾಬಿಯ ಗಂಡ ಬೋಟಿನಲ್ಲಿ, ತಾಯಿ ತೀರಿಕೊಂಡಿದ್ದಾಳೆ, ಅತ್ತಿಗೆ ಗೇರುಬೀಜದ ಫ್ಯಾಕ್ಟರಿಗೆ ಹೋಗುತ್ತಾಳೆ.

“ನೀವ್ ಹ್ಯಾಂಗೂ ಮನೆಯಗೇ ಇಪ್ಪುದಲ್ದಾ? ಒಂದ್ ಮಗು ಕಾಂಬುದೂ ಸಮ, ಎರಡ್ ಕಾಂಬುದೂ ಸಮ. ನಡುವಂಗೆ ಬಸ್ಸಿಗೆ ಬಂದ್ ನಾನ್ ಮೊಲಿ ಕೊಟ್ಟ್ ಹೋತೆ” ಎಂದಳು.

ಕಾಂಬುದು ಎಂದರೆ ಇಲ್ಲಿ ನೋಡುವುದೂ ಹೌದು, ನೋಡಿಕೊಳ್ಳುವುದೂ ಹೌದು. ನನ್ನ ಮಗನನ್ನು ಕಾಂಬವರನ್ನು ಹುಡುಕಿ ಬ್ರಹ್ಮಾವರದ ತನಕ ಅಲೆದ ನಾನು ಹೀಗೆ ಇನ್ನೊಬ್ಬಳ ಮಗಳನ್ನು ಕಾಂಬವಳಾದೆ. ಸ್ವಲ್ಪ ದಿನಕ್ಕೆ ಫ್ಯಾಕ್ಟರಿಗೆ ಹೋಗುವವರ ಎರಡು ಮಕ್ಕಳೂ ತಿಂಗಳಿಗಿಷ್ಟು ಎಂಬ ಲೆಕ್ಕದಲ್ಲಿ ಸೇರಿಕೊಂಡರು.

ಅವ್ವನಿಗೆ ಫೋನಿನಲ್ಲಿ ಹೇಳಿದಾಗ ಅವಳು ಸಿಡಿದಳು. “ಅಷ್ಟು ಓದಿಸಿದ್ದು ಮಂದಿ ಮಕ್ಕಳ ಕುಂಡಿ ತೊಳಿಯಾಕೇನ?”

“ಲ್ಯಾಬಿನ್ಯಾಗೂ ಅದನ್ನ ನೋಡ್ತಿದ್ದೆ ತಗೋ ಅವ್ವಾ. ಅಲ್ಲಿ ಡಬ್ಬ್ಯಾಗ ತರ್ತಿದ್ರು, ಇಲ್ಲಿ ಬಿಸಿಬಿಸಿ ಬರತೈತಿ. ಅಷ್ಟ ಫರಕ.”

ಅವಳು ನಗಲಿಲ್ಲ. ಫೋನಿಟ್ಟ ಮೇಲೆ ನನಗೂ ನಗು ಉಳಿಯಲಿಲ್ಲ.

ಆದರೆ ಕೆಲಸ ಒಗ್ಗಿತು. ಜಲಜಕ್ಕನ ಹಳೆಯ ಸೀರೆಗಳಿಂದ ಎರಡು ಜೋಲಿ ಕಟ್ಟಿದೆ. ಒಂದು ಕೈಯಲ್ಲಿ ಒಂದನ್ನು, ಕಾಲಿನಲ್ಲಿ ಇನ್ನೊಂದನ್ನು ತೂಗುತ್ತ ಸೊಪ್ಪು ಸೋಸಲು ಕಲಿತೆ. ಅಳುವುದಕ್ಕೆ ಇಲ್ಲಿ ‘ಮರ್ಕುದು’ ಅನ್ನುತ್ತಾರೆ. ಯಾವ ಕೂಸು ಹಸಿವಿಗೆ ಮರ್ಕುತ್ತದೆ, ಯಾವುದು ಸುಮ್ಮನೆ ಎಂದು ಒಳಗಿದ್ದೇ ಹೇಳುವಷ್ಟಾದೆ. ಓಣಿಯವರ ಬಾಯಲ್ಲಿ ‘ಘಟ್ಟದವಳು’ ಹೋಗಿ ‘ಬಸು ಅಬ್ಬಿ’ಯಾದೆ. ಅಬ್ಬಿ ಎಂದರೆ ತಾಯಿ. ಆ ಮಾತು ಮೊದಲ ಸಲ ಕಿವಿಗೆ ಬಿದ್ದ ದಿನ ನನಗೆ ಆದ ಸಂತೋಷವನ್ನು ಮುಚ್ಚಿಡುವುದಿಲ್ಲ.

ಸನ್ನಿಧಿ ಮಾತ್ರ ಬಾಟಲಿ ಹಾಲು ಮುಟ್ಟುತ್ತಿರಲಿಲ್ಲ. ಮಧ್ಯಾಹ್ನದ ಮೊದಲು ಗುಲಾಬಿ ಬಸ್ಸಿಳಿದು ಓಡುತ್ತ ಬಂದು, ಕೈಕಾಲು ತೊಳೆದು, ಬಾಗಿಲ ಮರೆಯಲ್ಲಿ ಕೂತು ಹಾಲು ಕೊಟ್ಟು, ಮುಂದಿನ ಬಸ್ಸಿಗೆ ಓಡುತ್ತಿದ್ದಳು. ಅಷ್ಟು ಹೊತ್ತು ಅವಳ ಬುಟ್ಟಿ ನಮ್ಮ ಅಂಗಳದಲ್ಲಿರುತ್ತಿತ್ತು. ಲಿಂಗ ಕಟ್ಟಿದ ಮನೆಯ ನಾನು ಮೊದಮೊದಲು ಮೀನಿನ ವಾಸನೆಗೆ ಮೂಗಿಗೆ ಸೆರಗು ಹಿಡಿಯುತ್ತಿದ್ದೆ. ಆಮೇಲೆ ಆ ವಾಸನೆ ಬಂದರೆ ಗುಲಾಬಿ ಬಂದಳು ಎಂದು ಸಮಾಧಾನವಾಗುತ್ತಿತ್ತು.

ಒಂದು ದಿನ ಗಾಳಿಮಳೆಗೆ ಬಸ್ರೂರಿನ ದಾರಿಗೆ ಮರ ಬಿದ್ದು ಬಸ್ಸುಗಳು ನಿಂತವು. ಹೊತ್ತು ಮೀರಿತು. ಸನ್ನಿಧಿ ಅತ್ತು ಅತ್ತು ದನಿ ಬಿದ್ದುಹೋಯಿತು. ಚಮಚೆಯಲ್ಲಿ ಹಾಕಿದ್ದನ್ನು ಉಗುಳಿದಳು. ಎತ್ತಿಕೊಂಡು ತಿರುಗಿದರೆ ಬಾಯನ್ನು ನನ್ನ ರವಿಕೆಗೆ ಒತ್ತಿ ಹುಡುಕುತ್ತಿದ್ದಳು. ಬೇರೆ ಮಗು ಅತ್ತರೂ ಎದೆ ಸುರಿಯುತ್ತದೆ, ಹೆತ್ತವರಿಗೆ ಇದು ಗೊತ್ತಿದೆ. ನನ್ನ ರವಿಕೆ ಪೂರ್ತಿ ತೊಯ್ದಿತ್ತು. ಯಾವ ಜಾತಿ, ಯಾವ ಊರು ಎಂದು ಯೋಚಿಸುವಷ್ಟು ಹೊತ್ತು ಆ ಕೂಸು ಕೊಡಲಿಲ್ಲ. ನಾನು ಕೂತು ಹಾಲು ಕೊಟ್ಟೆ. ಅವಳು ಕುಡಿಯುತ್ತಲೇ ನಿದ್ದೆ ಹೋದಳು.

ಗುಲಾಬಿ ಬಂದಾಗ ಅವಳ ಸೀರೆಯ ಎದೆಭಾಗ ಎರಡೂ ಕಡೆ ಒದ್ದೆಯಾಗಿತ್ತು. ಮಳೆಯದೆಂದುಕೊಂಡೆ. ಅವಳು ಕೊಡೆ ಬಿಸಾಡಿ, ಮಗಳನ್ನೆತ್ತಿ ಮೊಲೆಗೆ ಹಚ್ಚಿದಳು. ಹೊಟ್ಟೆ ತುಂಬಿದ ಕೂಸು ಮುಖ ಆಚೆ ತಿರುಗಿಸಿತು. “ಕುಡಿ ಮಗಾ, ಕುಡಿ” ಎಂದು ಮತ್ತೆ ಹಚ್ಚಿದಳು. ಮತ್ತೆ ತಿರುಗಿಸಿತು.

“ನಾನಽ ಕುಡಿಸೀನ್ರಿ. ಭಾಳ ಅಳಾಕತ್ತಿತ್ತು” ಎಂದೆ.

ಗುಲಾಬಿ ನನ್ನನ್ನು ನೋಡಿದಳು. ಮಗಳನ್ನು ನನ್ನ ಕೈಗೆ ಕೊಟ್ಟು, ಅಂಗಳ ದಾಟಿ ತೆಂಗಿನ ಮರದ ಬುಡಕ್ಕೆ ಹೋಗಿ, ನಮಗೆ ಬೆನ್ನು ಹಾಕಿ ಕುಕ್ಕರಗಾಲಲ್ಲಿ ಕೂತಳು. ಬಿಗಿದ ಹಾಲನ್ನು ಹಿಂಡಿ ಚೆಲ್ಲುತ್ತಿದ್ದಾಳೆಂದು ತಿಳಿಯಲು ನನಗೆ ತುಸು ಹೊತ್ತು ಬೇಕಾಯಿತು. ಮಳೆಯಲ್ಲಿ ಯಾಕೆ, ಇಲ್ಲೇ ಬಚ್ಚಲಿದೆ ಬರ್ರಿ ಎಂದು ಕೂಗಿದೆ.

“ಬ್ಯಾಡ. ಎದಿ ಹಾಲ್ ಮೆಟ್ಟುಕಾಗ. ಮರದ್ ಬುಡಕ್ಕೆ ಹಾಕ್ಕ್.”

ಅದನ್ನು ಯಾರೂ ತುಳಿಯಬಾರದು. ನಮ್ಮ ಕಡೆಯೂ ಹಾಗೇ, ನೆಲಕ್ಕೆ ಬಿದ್ದ ಹಾಲಿಗೆ ಇರುವೆ ಮುತ್ತಿದರೆ ಎದೆ ಬತ್ತುತ್ತದೆ ಎನ್ನುತ್ತಾರೆ. ಬಂದಾಗಿನಿಂದ ಎರಡೂ ಊರಿಗೆ ಹೊಂದುವ ಒಂದು ಮಾತನ್ನು ನಾನು ಹುಡುಕುತ್ತಲೇ ಇದ್ದೆ. ಅದು ಸಿಕ್ಕಿದ್ದು ಅವಳ ಬೆನ್ನು ನೋಡುತ್ತ ನಿಂತಾಗ.

ಹೊರಡುವಾಗ ಅವಳು ಹೇಳಿದಳು, “ನಾಳಿಂದ ನೀವೇ ಕೊಡಿ. ನಂಗೆ ಬಸ್ಸಿಗೆ ಓಡುದ್ ಒಂದ್ ತಪ್ಪತ್ ಅಲ್ದಾ.” ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. ಜಲಜಕ್ಕ ಮಾತ್ರ, “ಹಾಲಿಗೆ ಎಂತ ಜಾತಿ? ಒಂದೇ ಮೊಲಿ ಹಾಲ್ ಕುಡ್ದವ್ರ್ ಅಣ್ಣ ತಂಗಿ” ಎಂದು ವಿಷಯ ಮುಗಿಸಿಬಿಟ್ಟರು. ಅವ್ವನಿಗೆ ನಾನು ಹೇಳಲಿಲ್ಲ.

ಚಳಿಗಾಲದ ಹೊತ್ತಿಗೆ ಗುಲಾಬಿಯ ಹಾಲು ಬತ್ತಿತು. ಎರಡು ಕೂಸಿಗೆ ಹಾಲೂಡಿ ನಾನು ಕಡ್ಡಿಯಾದೆ. ರಜೆಯಲ್ಲಿ ಬಂದ ಮಹಾಂತೇಶ ನನ್ನ ಮುಖ ನೋಡಿ, “ಏನ, ಅರ್ಧಾ ಆಗೀಯಲ್ಲ” ಅಂದ. ಸನ್ನಿಧಿ ಮೊದಲ ಹೆಜ್ಜೆ ಇಟ್ಟದ್ದು ನಮ್ಮ ಜಗಲಿಯಲ್ಲಿ. ಸಂಜೆ ಗುಲಾಬಿ ಬಂದಾಗ ನಾನು ಕುಣಿಯುತ್ತ ಹೇಳಿದೆ. ಅವಳು “ಹೌದಾ” ಎಂದಳು, ನಕ್ಕಳು, ಮಗಳ ಪಾದ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ ನಾನು ಏನನ್ನೂ ಹೇಳುವುದು ಬಿಟ್ಟೆ. ಮನೆಯಲ್ಲಿ ಅವಳೇ ಮೊದಲು ನೋಡಲಿ ಎಂದು ಹೊಸದೆಲ್ಲವನ್ನೂ ನುಂಗಿಕೊಂಡೆ. ಬಸುವನ್ನು ಕೇಳಿ ಸನ್ನಿಧಿಯೂ ನನ್ನನ್ನು “ಅವ್ವ” ಎಂದು ಕರೆದಳು. ಅದನ್ನಂತೂ ಯಾರಿಗೂ ಹೇಳಲಿಲ್ಲ. ಆದರೆ ಮಗುವಿಗೆ ಗುಟ್ಟು ಗೊತ್ತಿರುವುದಿಲ್ಲ. ಒಂದು ಸಂಜೆ ಕೋಡಿಗೆ ಹೊರಟಾಗ ಅವಳು ತಾಯಿಯ ಹೆಗಲ ಮೇಲಿಂದ ನನ್ನ ಕಡೆ ಕೈ ಚಾಚಿ, ಓಣಿಯ ತಿರುವಿನ ತನಕ ಹಾಗೇ ಕೂಗುತ್ತ ಹೋದಳು.

ಮತ್ತೆ ಜೂನ್ ಬಂತು. ಬೋಟುಗಳು ದಡ ಸೇರಿದವು. ಗುಲಾಬಿಗೆ ಮನೆಯಲ್ಲೇ ಇರುವ ಕಾಲ. ಮಗಳನ್ನು ಎತ್ತಿಕೊಂಡು ಹೋದವಳು ಆ ಎರಡು ತಿಂಗಳು ಇತ್ತ ಕಡೆ ಸುಳಿಯಲಿಲ್ಲ.

ನನ್ನ ಎದೆಗೆ ಬೋಟಿನ ಲೆಕ್ಕ ಗೊತ್ತಿರಲಿಲ್ಲ. ಎರಡು ಕೂಸಿಗೆ ಆಗುವಷ್ಟು ಹಾಲು ಬರುತ್ತಲೇ ಇತ್ತು. ನೋವಿಗೆ ಜ್ವರ ಬಂತು. ಒಂದು ಬೆಳಿಗ್ಗೆ ಬಸುವನ್ನು ಜಲಜಕ್ಕನ ಬಳಿ ಬಿಟ್ಟು, ಕೊಡೆ ಹಿಡಿದು ಕೋಡಿಯ ದಾರಿಯಲ್ಲಿ ನಡೆದೆ. ಸೇತುವೆಯ ಹತ್ತಿರ ಬಂದಾಗ, ಹೋಗಿ ಏನು ಕೇಳಲಿ ಎಂದು ಕಾಲು ನಿಂತಿತು. ಹೆತ್ತವಳ ಮನೆಯ ಬಾಗಿಲಲ್ಲಿ ನಿಂತು ನಿನ್ನ ಮಗಳಿಗೆ ಹಾಲು ಕೊಡುತ್ತೇನೆ ಎನ್ನಲು ಬರುತ್ತದೆಯೇ? ಹಿಂದಿರುಗಿದೆ.

“ಬತ್ಳ್ ತಕೊ” ಎಂದರು ಜಲಜಕ್ಕ. “ಊರಿಗ್ ಬಂದವ್ಳ್ ನೀರಿಗ್ ಬಾರ್ದೆ ಇಪ್ಳಾ?”

ಬಂದರು ತೆರೆದ ವಾರ ಗುಲಾಬಿ ಬಂದಳು. ಬುಟ್ಟಿ ಇರಲಿಲ್ಲ. ಸನ್ನಿಧಿಯ ತಲೆಯಲ್ಲಿ ಎರಡು ಪುಟ್ಟ ಜುಟ್ಟು, ಕಾಲಲ್ಲಿ ಗೆಜ್ಜೆ. ನಾನು ಕೈ ಚಾಚಿದೆ. ಮಗು ತಾಯಿಯ ಕುತ್ತಿಗೆ ಬಿಗಿಯಾಗಿ ಹಿಡಿದು, ನನ್ನನ್ನು ಗುರುತಿಲ್ಲದವಳಂತೆ ನೋಡಿ, ಬಾಯಿ ಸೊಟ್ಟ ಮಾಡಿ ಅಳಲು ಸುರುಮಾಡಿತು.

ಗುಲಾಬಿ ಮೆಲ್ಲಗೆ ಹೇಳಿದಳು, “ಬಸು ಅಬ್ಬಿ, ನಾನ್ ಇನ್ ಮೀನಿಗ್ ಹೋಪುದಿಲ್ಲೆ. ಇವ್ಳ್ ನನ್ನನ್ನ್ ಅಬ್ಬಿ ಅಂಬುಕೆ ಎರಡ್ ತಿಂಗ್ಳ್ ಬೇಕಾಯ್ತ್. ಸುರ್ವಿಗೆ ದಿನಾ ನಿಮ್ಮನ್ನೇ ಕರ್ದ್ ಮರ್ಕ್ತಿದ್ಳ್. ಮತ್ತೆ ಬಿಟ್ಟ್ ಹೋಪುಕೆ ನಂಗೆ ಧೈರ್ಯ ಇಲ್ಲೆ.”

“ಹಂಗಾರ ಹೊಟ್ಟಿಗೆ?”

“ನಿಮ್ ಹಾಂಗೆ ಮಕ್ಳನ್ನ್ ಕಾಂತೆ. ಫ್ಯಾಕ್ಟರಿಗ್ ಹೋಪರ್ ಮಕ್ಳೂ ನಮ್ಮನೆ ಹತ್ರದವೇ ಅಲ್ದಾ, ಅಲ್ಲೇ ಇರ್ಲಿ ಅಂದ್ರ್.” ಸ್ವಲ್ಪ ತಡೆದು ಅವಳು ಬಸುವಿನ ತಲೆ ಸವರಿದಳು. “ಇವ್ನನ್ನೂ ನನ್ ಹತ್ರ ಬಿಡಿ. ನೀವ್ ಓದಿದ್ ಕೆಲ್ಸಕ್ಕೆ ಹೋಯ್ನಿ. ನಿಮ್ದ್ ಒಂದ್ ಹೊರಿ ನನ್ ಮೇಲೆ ಇತ್ತ್.”

ಹೋದ ವರ್ಷ ಬ್ರಹ್ಮಾವರದ ಗೇಟಿನಲ್ಲಿ ನಾನು ಬೇಡಿದ್ದು ಇದನ್ನೇ. ಕೇಳಿದ ವರ ಮನೆ ಬಾಗಿಲಿಗೆ ಬಂದಿತ್ತು, ಅದಕ್ಕೆ ಬೆಲೆ ಏನೆಂದು ಈಗ ನನಗೆ ಗೊತ್ತಿತ್ತು. ಬೇಡ ಎನ್ನಲು ನನ್ನ ಬಳಿ ಮಕ್ಕಳೂ ಉಳಿದಿರಲಿಲ್ಲ, ಕೆಲಸವೂ ಉಳಿದಿರಲಿಲ್ಲ.

ಲ್ಯಾಬಿನವರು ಈ ಸಲ ಕೂಡಲೇ ತೆಗೆದುಕೊಂಡರು. ಕೈ ಮರೆತಿರಲಿಲ್ಲ. ಬೆಳಿಗ್ಗೆ ಬಸುವನ್ನು ಕೋಡಿಯಲ್ಲಿ ಬಿಟ್ಟು ಬರುವಾಗ ಗುಲಾಬಿಗೆ ಒಂದೇ ಮಾತು ಹೇಳಿದ್ದೆ, “ಮೀನ ಮಾತ್ರ ಬ್ಯಾಡ್ರಿ. ನಮ್ಮ ಮನ್ಯಾಗ ನಡ್ಯಾಂಗಿಲ್ಲ.” ಅವಳು “ಇಲ್ಲೆ ಇಲ್ಲೆ, ನಂಗೆ ಗೊತ್ತಿಲ್ಯಾ?” ಎಂದಿದ್ದಳು. ಅವನಿಗೆ ಬೇರೆ ತಟ್ಟೆಯನ್ನೇ ಇಟ್ಟಿದ್ದಳು. ಬಸು ಮೊದಲ ದಿನಗಳಲ್ಲಿ ಬಾಗಿಲಿಗೆ ಅಂಟಿಕೊಂಡು ಅತ್ತ. ಆಮೇಲೆ ಅಳುವುದು ನಿಂತಿತು. ಅದು ಹೆಚ್ಚು ನೋವು ಕೊಟ್ಟಿತು. ಲ್ಯಾಬಿನಲ್ಲಿ ಯಾವುದಾದರೂ ಕೂಸು ಸೂಜಿಗೆ ಹೆದರಿ ಕಿರುಚಿದರೆ ಬಿಳಿ ಕೋಟಿನ ಒಳಗೆ ನನ್ನ ರವಿಕೆ ಒದ್ದೆಯಾಗುತ್ತಿತ್ತು.

ಮೊನ್ನೆ ಕೆಲಸ ಹೆಚ್ಚಿ ಬಸ್ಸು ತಪ್ಪಿತು. ಹಾಲು ಬಿಗಿದು ಎದೆ ಕಲ್ಲಾಗಿತ್ತು. ಮುಂದಿನ ಬಸ್ಸಿನಲ್ಲಿ ಬಂದು ಇಳಿದು ಓಡಿದೆ. ಗುಲಾಬಿಯ ಅಂಗಳಕ್ಕೆ ಕಾಲಿಟ್ಟಾಗ ಜಗಲಿಯಲ್ಲಿ ಬಸುವೂ ಸನ್ನಿಧಿಯೂ ಒಂದೇ ತಟ್ಟೆಯ ಮುಂದೆ ಕೂತಿದ್ದರು. ಗಂಜಿ, ಅದರ ಪಕ್ಕ ಮುಳ್ಳು ಬಿಡಿಸಿದ ಬಂಗುಡೆ. ಬಸುವಿನ ಬೆರಳುಗಳಿಗೆ, ಗಲ್ಲಕ್ಕೆ ಕೆಂಪು ಸಾರು.

ಗುಲಾಬಿ ಎದ್ದು ನಿಂತಳು. “ನಾನೇ ಕೊಟ್ಟೆ. ಇವ್ಳ್ ತಿಂಬುದ್ ಕಂಡ್ ಭಾರಿ ಮರ್ಕ್ತಿದ್ದ.”

ನಾನು ಒಂದು ವರ್ಷದ ಹಿಂದೆ ಅವಳಿಗೆ ಹೇಳಿದ್ದೂ ಅಷ್ಟೇ. ಬಸುವನ್ನು ಎತ್ತಿ, ಬಾಗಿಲ ಮರೆಯಲ್ಲಿ ಕೂತು ಮೊಲೆಗೆ ಹಚ್ಚಿದೆ. ಅವನು ಮುಖ ಆಚೆ ತಿರುಗಿಸಿದ. “ಕುಡಿಯೋ ನಮ್ಮಪ್ಪಾ” ಎಂದೆ. ಹೊಟ್ಟೆ ತುಂಬಿದ ಮಗ ನನ್ನ ತೊಡೆಯಿಂದ ಜಾರಿ ಇಳಿದು, ತಟ್ಟೆಯ ಬಳಿ ಹೋಗಿ ಕೂತ.

ಗುಲಾಬಿ ಅಂಗಳದ ತುದಿಯ ತೆಂಗಿನ ಮರದ ಕಡೆ ಒಮ್ಮೆ ನೋಡಿದಳು, ಅಷ್ಟೆ. ನಾನು ಎದ್ದು ಹೋಗಿ ಅದರ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತೆ. ರೋಣದ ಜೋಳ ಉಂಡು ಬೆಳೆದ ಮೈಯ ಹಾಲು ಕೋಡಿಯ ಮರಳಿಗೆ ಬಿದ್ದು, ಬಿದ್ದಲ್ಲೇ ಇಂಗಿತು. ಹಿಂದೆ ಗುಲಾಬಿ ಮಕ್ಕಳನ್ನು ಒಳಗೆ ಕರೆದಳು, ಇತ್ತ ಕಡೆ ಬಂದು ಮೆಟ್ಟದಿರಲಿ ಎಂದು.

ಅಲ್ಲಿರುವಾಗಲೇ ಅವ್ವನ ಫೋನು ಬಂತು.

“ಕೂಸು ಉಂಡಿತೇನವಾ?”

“ಉಂಡಾನವ್ವಾ. ಹೊಟ್ಟಿ ತುಂಬ ಉಂಡಾನ.”

ಏನು ಉಂಡ, ಯಾರ ಕೈಯಲ್ಲಿ ಉಂಡ ಎಂದು ಅವಳು ಕೇಳಲಿಲ್ಲ. ಊರಿಗೆ ಯಾವಾಗ ಬರುತ್ತೀರಿ ಎಂದು ಕೇಳಿದಳು. ಬರ್ತೀವಿ ಎಂದೆ. ಒಳಗಿನಿಂದ ಬಸು “ಅಬ್ಬೀ” ಎಂದು ಕೂಗಿದ. ನಾನು ತಿರುಗಿ ನೋಡುವಷ್ಟರಲ್ಲಿ ಗುಲಾಬಿ ಓಗೊಟ್ಟಿದ್ದಳು.